ಏರದ ಅಂಕ: ಎಲುಬಿನ ಔಷಧದಿಂದ ನಿರಾಶರಾದವರನ್ನು ಕುರಿತು

ಕಮಲಾಪುರವೆಂದೊಡನೆ ಕಲಬುರಗಿ ಸೀಮೆಯವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕೆಂಪು ಬಾಳೆಹಣ್ಣು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಆ ಹಣ್ಣು ಹುಮನಾಬಾದ್ ರಸ್ತೆ ಹಿಡಿದು ಪೇಟೆಗೆ ಬರುವಂತೆಯೇ, ಆ ಊರಿನ ಹಾಗೂ ಸುತ್ತಲಿನ ಹಳ್ಳಿಗಳ ವೃದ್ಧರೂ ಅದೇ ರಸ್ತೆಯ ಬಸ್ಸುಗಳಲ್ಲಿ ವೈದ್ಯರನ್ನು ಅರಸಿ ನಗರಕ್ಕೆ ಬರುತ್ತಾರೆ. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದಂದಿನಿಂದ ಈ ಭಾಗದ ರೋಗಿಗಳಿಗೆ ಹೈದರಾಬಾದಿನ ದಾರಿ ಸವೆಸುವ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಹಾಗೆ ಬರುವವರಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ರೋಗಿಗಳು ಸೇರಿಕೊಂಡಿದ್ದಾರೆ. ಅವರಿಗೆ ಜ್ವರವಿಲ್ಲ, ಗಾಯವಿಲ್ಲ. ಅವರ ಕೈಯಲ್ಲಿರುವುದು ಒಂದು ಲಕೋಟೆ. ಲಕೋಟೆಯೊಳಗೆ ಒಂದು ಅಂಕ. ಆ ಅಂಕವು ವರ್ಷದ ಹಿಂದೆ ಇದ್ದುದಕ್ಕಿಂತ ಏರಿಲ್ಲವೆಂಬುದೇ ಅವರ ಅಳಲು.

ಅರವತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅಂಗಳದಲ್ಲಿ ಎಡವಿ ಬಿದ್ದು ಮಣಿಕಟ್ಟು ಮುರಿಯಿತು. ಕಟ್ಟು ಹಾಕಿದ ವೈದ್ಯರು ಎಲುಬಿನ ಸಾಂದ್ರತೆಯನ್ನು ಅಳೆಯಿಸಿದರು. ಚಪ್ಪೆಯ ಎಲುಬಿನ ಟಿ-ಅಂಕ ಮೈನಸ್ 2.9 ಎಂದು ಬಂದಿತು. ‘ಎಲುಬು ಟೊಳ್ಳಾಗಿದೆ, ವಾರಕ್ಕೊಂದು ಗುಳಿಗೆ ನುಂಗಿರಿ’ ಎಂದು ಚೀಟಿ ಬರೆದುಕೊಟ್ಟರು. ತಾಯಿ ವರ್ಷವಿಡೀ ನೇಮದಿಂದ ನುಂಗಿದರು. ಮರುವರ್ಷದ ಪರೀಕ್ಷೆಯಲ್ಲಿ ಬಂದ ಅಂಕ ಮೈನಸ್ 3.0. ಮನೆಗೆ ಮರಳುವ ಬಸ್ಸಿನಲ್ಲಿ ಪಕ್ಕದವರೊಡನೆ ಅವರಾಡುವ ಮಾತು ಈ ಸೀಮೆಯಲ್ಲಿ ಯಾರಾದರೂ ಊಹಿಸಬಹುದಾದುದೇ: “ವರ್ಷಗಟ್ಟಲೆ ಗುಳಗಿ ತಿಂದೆ, ಏನೂ ಫರಕ್ ಬಿದ್ದಿಲ್ಲ.” ಮುಂದಿನ ವಾರದಿಂದ ಗುಳಿಗೆಯ ಪಟ್ಟಿ ಗೂಡಿನಲ್ಲಿಯೇ ಉಳಿಯುತ್ತದೆ. ಈ ಔಷಧವನ್ನು ಆರಂಭಿಸಿದವರಲ್ಲಿ ಅರ್ಧದ ಸಮೀಪ ಜನ ಒಂದು ವರ್ಷದೊಳಗೇ ಬಿಟ್ಟುಬಿಡುತ್ತಾರೆಂಬುದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಬಿಡುವವರಿಗೆಲ್ಲ ಕಾರಣ ಒಂದೇ ಅಲ್ಲವಾದರೂ, ‘ಉಪಯೋಗವಾಗಲಿಲ್ಲ’ ಎಂಬ ಭಾವನೆಯು ಅವುಗಳಲ್ಲಿ ಮುಖ್ಯವಾದುದು. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಲು ಮೊದಲು ಎಲುಬೆಂಬುದು ಏನು, ಅಂಕವೆಂಬುದು ಏನು, ಗುಳಿಗೆಯು ಮಾಡುವುದಾದರೂ ಏನು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಎಲುಬು ಕಲ್ಲಿನಂತೆ ಜಡವಾದುದೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅದು ಸದಾ ಒಡೆದು ಕಟ್ಟಲ್ಪಡುತ್ತಿರುವ ಮನೆ. ಒಂದು ಬಗೆಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತ ಹೋಗುತ್ತವೆ. ಅವುಗಳ ಬೆನ್ನ ಹಿಂದೆಯೇ ಇನ್ನೊಂದು ಬಗೆಯ ಜೀವಕೋಶಗಳು ಆ ತಗ್ಗಿನಲ್ಲಿ ಹೊಸ ಎಲುಬನ್ನು ತುಂಬುತ್ತವೆ. ವಯಸ್ಕರ ದೇಹದಲ್ಲಿ ಪ್ರತಿವರ್ಷ ಸುಮಾರು ಹತ್ತನೆಯ ಒಂದು ಭಾಗದಷ್ಟು ಎಲುಬು ಹೀಗೆ ಬದಲಾಗುತ್ತದೆಂದು ಅಂದಾಜು. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಈಸ್ಟ್ರೋಜೆನ್ ಎಂಬ ರಸದೂತವು ಕಡಿಮೆಯಾಗಿ, ಕರಗಿಸುವವರ ಕೈ ಮೇಲಾಗುತ್ತದೆ. ತುಂಬುವವರು ಹಿಂದೆ ಬೀಳುತ್ತಾರೆ. ಒಳಗಿನ ಜಾಲರಿ ತೆಳುವಾಗುತ್ತದೆ, ಅಲ್ಲಲ್ಲಿ ಹರಿಯುತ್ತದೆ. ಇದೇ ಅಸ್ಥಿರಂಧ್ರತೆ, ಅಂದರೆ ಆಸ್ಟಿಯೋಪೊರೋಸಿಸ್. ಗಂಡಸರಿಗೂ ಇದು ತಪ್ಪಿದ್ದಲ್ಲ; ಆದರೆ ತಡವಾಗಿ ಬರುತ್ತದೆ.

ಅಲೆಂಡ್ರೊನೇಟ್, ರೈಸಿಡ್ರೊನೇಟ್ ಮೊದಲಾದ ಗುಳಿಗೆಗಳು ಎಲುಬಿನ ಮೇಲ್ಮೈಯಲ್ಲಿ ಕುಳಿತು ಕರಗಿಸುವ ಕೋಶಗಳ ಹಲ್ಲು ಮುರಿಯುತ್ತವೆ. ಅವು ಹೊಸ ಎಲುಬನ್ನು ಕಟ್ಟುವ ಔಷಧಗಳಲ್ಲ. ಸೋರಿಕೆಯನ್ನು ತಡೆಯುವ ಔಷಧಗಳು. ಕೆರೆಯ ಒಡ್ಡು ಭದ್ರಪಡಿಸಿದ ಮಾತ್ರಕ್ಕೆ ಕೆರೆ ತುಂಬುವುದಿಲ್ಲ. ಇದ್ದ ನೀರು ಉಳಿಯುತ್ತದೆ. ಇಷ್ಟನ್ನು ಚೀಟಿ ಬರೆದ ದಿನವೇ ರೋಗಿಗೆ ಹೇಳಿದ್ದರೆ ನಿರಾಶೆಯ ಅರ್ಧಪಾಲು ಹುಟ್ಟುತ್ತಲೇ ಇರಲಿಲ್ಲ. ‘ಎಲುಬು ಗಟ್ಟಿಯಾಗುವ ಗುಳಿಗೆ’ ಎಂಬ ಆಡುಮಾತು ಅನರ್ಥಕ್ಕೆ ಕಾರಣವಾಗಿದೆಯೆಂದರೆ ತಪ್ಪಲ್ಲ.

ಇದಕ್ಕಿಂತಲೂ ಮೊದಲಿನ ಇನ್ನೊಂದು ತಪ್ಪುಗ್ರಹಿಕೆಯುಂಟು. ‘ಎಲುಬು ಸವೆದಿದೆ’ ಎಂಬ ಒಂದೇ ಮಾತಿನಿಂದ ಈ ಕಡೆಯ ಜನ ಎರಡು ಬೇರೆ ಬೇರೆ ರೋಗಗಳನ್ನು ಸೂಚಿಸುತ್ತಾರೆ. ಮೊಣಕಾಲಿನ ಕೀಲಿನಲ್ಲಿರುವ ಮೆತ್ತನೆಯ ಹೊದಿಕೆ ಸವೆದು ನೋವು ಬರುವುದು ಸಂಧಿವಾತ. ಎಲುಬಿನ ಒಳಗಿನ ಜಾಲರಿ ತೆಳುವಾಗುವುದು ಅಸ್ಥಿರಂಧ್ರತೆ. ಮೊದಲನೆಯದು ನೋಯುತ್ತದೆ. ಎರಡನೆಯದು ಎಲುಬು ಮುರಿಯುವವರೆಗೆ ನೋಯುವುದಿಲ್ಲ. ಬೆನ್ನುಮೂಳೆಯ ಮಣಿ ಕುಸಿದಾಗಲೂ ಎಷ್ಟೋ ವೇಳೆ ರೋಗಿಗೆ ಅದು ತಿಳಿಯದೆ, ಎತ್ತರ ಕುಗ್ಗಿ ಬೆನ್ನು ಬಾಗಿದ ಮೇಲೆಯೇ ಮನೆಯವರ ಕಣ್ಣಿಗೆ ಬೀಳುತ್ತದೆ. ಮೊಣಕಾಲು ನೋವಿಗೆಂದು ಹೋದವರಿಗೆ ಅಸ್ಥಿರಂಧ್ರತೆಯೂ ಇರುವುದು ಪತ್ತೆಯಾಗಿ, ವಾರದ ಗುಳಿಗೆ ಆರಂಭವಾಯಿತೆನ್ನಿ. ಆರು ತಿಂಗಳಾದರೂ ಮೆಟ್ಟಿಲು ಹತ್ತುವಾಗ ಮೊಣಕಾಲು ಹಾಗೆಯೇ ನೋಯುತ್ತದೆ. ಗುಳಿಗೆ ಸೋತಿತೆಂದು ಅವರು ತೀರ್ಮಾನಿಸುತ್ತಾರೆ. ಆದರೆ ಆ ಗುಳಿಗೆ ಆ ನೋವಿಗೆ ಕೊಟ್ಟುದೇ ಅಲ್ಲ. ಇಂಥವರ ನಿರಾಶೆಗೆ ಮದ್ದು ಎರಡು ನಿಮಿಷದ ವಿವರಣೆ.

ಇನ್ನು ಅಂಕದ ವಿಚಾರ. ಡೆಕ್ಸಾ ಎಂಬ ಯಂತ್ರವು ಅತ್ಯಲ್ಪ ಪ್ರಮಾಣದ ಕ್ಷಕಿರಣಗಳಿಂದ ಸೊಂಟದ ಬೆನ್ನುಮಣಿಗಳಲ್ಲಿಯೂ ಚಪ್ಪೆಯ ಎಲುಬಿನಲ್ಲಿಯೂ ಇರುವ ಖನಿಜದ ಪ್ರಮಾಣವನ್ನು ಅಳೆಯುತ್ತದೆ. ಆ ಅಳತೆಯನ್ನು ಆರೋಗ್ಯವಂತ ತರುಣಿಯರ ಸರಾಸರಿಯೊಡನೆ ಹೋಲಿಸಿ ತೆಗೆದ ಅಂತರವೇ ಟಿ-ಅಂಕ. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅಸ್ಥಿರಂಧ್ರತೆಯೆಂದು ಕರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ಗೊತ್ತುಮಾಡಿತು. ಮೇರೆಯೊಂದು ಬೇಕಾಗಿತ್ತು, ಎಳೆದರು. ಮೈನಸ್ 2.4 ಉಳ್ಳವರ ಎಲುಬಿಗೂ ಮೈನಸ್ 2.6 ಉಳ್ಳವರ ಎಲುಬಿಗೂ ನಡುವೆ ಗೋಡೆಯೇನೂ ಇಲ್ಲ. ಮೂವತ್ತೈದು ಅಂಕದಿಂದ ಪಾಸಾದವನಿಗೂ ಮೂವತ್ನಾಲ್ಕರಿಂದ ನಪಾಸಾದವನಿಗೂ ವಿದ್ಯೆಯಲ್ಲಿ ಎಷ್ಟು ಅಂತರವುಂಟೆಂಬುದನ್ನು ಶಿಕ್ಷಕರಿಗೆ ಹೇಳಬೇಕಾಗಿಲ್ಲ.

ಪ್ರತಿಯೊಂದು ಅಳತೆಯಲ್ಲಿಯೂ ಸ್ವಲ್ಪ ತೂಗಾಟವಿರುತ್ತದೆ. ರೋಗಿ ಮಲಗಿದ ಭಂಗಿ, ಕಾಲು ತಿರುಗಿಸಿದ ಕೋನ, ಯಂತ್ರ ನಡೆಸುವವರ ಕೈ, ಇವೆಲ್ಲ ಸೇರಿ ಅಂಕವನ್ನು ಅತ್ತಿತ್ತ ಸರಿಸುತ್ತವೆ. ಚಪ್ಪೆಯಲ್ಲಿಯಾಗಲಿ ಬೆನ್ನುಮಣಿಯಲ್ಲಿಯಾಗಲಿ ಸುಮಾರು ಶೇಕಡಾ 5ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅದನ್ನು ನಿಜವಾದ ಬದಲಾವಣೆಯೆಂದು ಖಚಿತವಾಗಿ ಹೇಳಲಾಗದ ಯಂತ್ರಾಲಯಗಳೇ ಹೆಚ್ಚು. ಬಹು ಎಚ್ಚರದಿಂದ ನಡೆಸುವ ಕಡೆ ಇದು ಇನ್ನೂ ಕಡಿಮೆಯಿರಬಹುದು. ಗುಳಿಗೆಯಿಂದಾಗುವ ಏರಿಕೆಯಾದರೂ ಎಷ್ಟು? 1996ರಲ್ಲಿ ಪ್ರಕಟವಾದ ಅಲೆಂಡ್ರೊನೇಟಿನ ಪ್ರಸಿದ್ಧ ಪರೀಕ್ಷೆಯಲ್ಲಿ ಗುಳಿಗೆ ಪಡೆದವರಿಗೂ ಪಡೆಯದವರಿಗೂ ಚಪ್ಪೆಯ ಸಾಂದ್ರತೆಯಲ್ಲಿ ಮೂರು ವರ್ಷಗಳ ಕೊನೆಗೆ ಕಂಡ ಅಂತರ ಶೇಕಡಾ 5ಕ್ಕೂ ಒಳಗೆ. ಮೂರು ವರ್ಷದ ಬೆಳೆಯೇ ತಕ್ಕಡಿಯ ತೂಗಾಟದಷ್ಟಿರುವಲ್ಲಿ ಒಂದು ವರ್ಷದ ಅಂಕವನ್ನು ಹಿಡಿದು ಗೆಲವು ಸೋಲುಗಳನ್ನು ನಿರ್ಣಯಿಸುವುದು ಹೇಗೆ? ಮೇಲೆ ಹೇಳಿದ ಶಿಕ್ಷಕಿಯ ಮೈನಸ್ 2.9 ಮೈನಸ್ 3.0 ಆದುದು ಸಾಂದ್ರತೆಯ ಲೆಕ್ಕದಲ್ಲಿ ಶೇಕಡಾ 2ರ ಆಸುಪಾಸಿನದು. ಅದು ಏರಿಕೆಯೂ ಅಲ್ಲ, ಇಳಿಕೆಯೂ ಅಲ್ಲ. ‘ಇದ್ದಲ್ಲಿಯೇ ಇದೆ’ ಎಂಬುದೇ ಅದರ ಅರ್ಥ. ಔಷಧವಿಲ್ಲದಿದ್ದರೆ ಕೆಳಗೆ ಹೋಗುತ್ತಿದ್ದುದು ಇದ್ದಲ್ಲಿಯೇ ನಿಂತಿತೆಂದರೆ ಅದನ್ನು ಸೋಲೆನ್ನಲಾಗದು.

ಇದೇ ಪರೀಕ್ಷೆಯ ಅಂಕಿಅಂಶಗಳನ್ನು ಸ್ಟೀವನ್ ಕಮಿಂಗ್ಸ್ ಮತ್ತು ಸಂಗಡಿಗರು ಮತ್ತೊಮ್ಮೆ ಶೋಧಿಸಿ 2000ದಲ್ಲಿ ಒಂದು ಕುತೂಹಲಕರ ಸಂಗತಿಯನ್ನು ಹೊರಗೆಡಹಿದರು. ಗುಳಿಗೆ ಪಡೆಯುತ್ತಿದ್ದು ಮೊದಲ ವರ್ಷದಲ್ಲಿ ಚಪ್ಪೆಯ ಸಾಂದ್ರತೆಯನ್ನು ಶೇಕಡಾ 4ಕ್ಕಿಂತ ಹೆಚ್ಚು ಕಳೆದುಕೊಂಡಂತೆ ಕಂಡ ಸ್ತ್ರೀಯರನ್ನು ಅವರು ಬೇರೆ ತೆಗೆದರು. ನಿರಾಶರಾಗಲು ಇವರಿಗಿಂತ ಹೆಚ್ಚಿನ ಕಾರಣ ಯಾರಿಗಿದ್ದೀತು? ಆದರೆ ಅದೇ ಗುಳಿಗೆಯನ್ನು ಮುಂದುವರಿಸಿದಾಗ ಎರಡನೆಯ ವರ್ಷದಲ್ಲಿ ಇವರಲ್ಲಿ ಶೇಕಡಾ 83ರಷ್ಟು ಮಂದಿಯ ಸಾಂದ್ರತೆ ಏರಿತ್ತು. ಸರಾಸರಿ ಏರಿಕೆ ಶೇಕಡಾ 4.7. ಮೊದಲ ವರ್ಷ ಅತ್ಯಧಿಕವಾಗಿ ಏರಿದವರಾದರೋ ಎರಡನೆಯ ವರ್ಷ ಸ್ವಲ್ಪ ಇಳಿದಿದ್ದರು. ಇದರಲ್ಲಿ ಪವಾಡವಿಲ್ಲ. ಚೆನ್ನಾಗಿ ಓದುವ ಹುಡುಗನೊಬ್ಬ ಒಂದು ಕಿರುಪರೀಕ್ಷೆಯಲ್ಲಿ ಅನಿರೀಕ್ಷಿತವಾಗಿ ಕಡಿಮೆ ಅಂಕ ಪಡೆದರೆ ಮುಂದಿನದರಲ್ಲಿ ತಾನಾಗಿಯೇ ಮೇಲೇಳುತ್ತಾನೆ. ಗುರುಗಳು ನಡುವೆ ಬೈದಿದ್ದರೆ ಬೈಗುಳದಿಂದ ಏರಿತೆಂದು ತಿಳಿಯುತ್ತಾರೆ, ಅಷ್ಟೆ. ಎಲುಬಿನ ಮಾತಿನಲ್ಲಿ ಬೈಗುಳದ ಸ್ಥಾನದಲ್ಲಿ ಬರುವುದು ಔಷಧದ ಬದಲಾವಣೆ. ಮೊದಲ ವರ್ಷದ ಅಂಕ ನೋಡಿ ಗಾಬರಿಯಿಂದ ಗುಳಿಗೆ ಬದಲಿಸಿದವರು ಎರಡನೆಯ ವರ್ಷದ ಏರಿಕೆಯ ಕೀರ್ತಿಯನ್ನು ಹೊಸ ಗುಳಿಗೆಗೆ ಕೊಡುತ್ತಾರೆ.

ಅಂಕವೇ ಎಲುಬಲ್ಲವೆಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿಯೊಂದಿದೆ. ಕಲಬುರಗಿ ಜಿಲ್ಲೆಯವರು ಅದನ್ನು ವಿಶೇಷವಾಗಿ ತಿಳಿದಿರತಕ್ಕದ್ದು. ಈ ಜಿಲ್ಲೆಯ ಕೆಲವು ಗ್ರಾಮಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುವುದು ಗೊತ್ತಿರುವ ವಿಷಯ. ಅಂಥ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಬಿಗಿಯುತ್ತದೆ. 1937ರಲ್ಲಿಯೇ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ವೈದ್ಯರು ವರ್ಣಿಸಿದ್ದರು. ಫ್ಲೋರೈಡ್ ಹೊಕ್ಕ ಎಲುಬು ಕ್ಷಕಿರಣದಲ್ಲಿ ಹೆಚ್ಚು ಬೆಳ್ಳಗೆ, ಹೆಚ್ಚು ಸಾಂದ್ರವಾಗಿ ಕಾಣುತ್ತದೆ. ಹಾಗಾದರೆ ಟೊಳ್ಳಾದ ಎಲುಬಿಗೆ ಫ್ಲೋರೈಡನ್ನೇ ಔಷಧವಾಗಿ ಕೊಡಬಾರದೇಕೆ ಎಂದು ಪಾಶ್ಚಾತ್ಯ ವೈದ್ಯರು ಯೋಚಿಸಿದರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು 202 ಮಂದಿ ಸ್ತ್ರೀಯರಲ್ಲಿ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಹೊರಬಂದಿತು. ಫ್ಲೋರೈಡ್ ಪಡೆದವರ ಬೆನ್ನುಮಣಿಯ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು. ಇಂದಿನ ಯಾವ ಗುಳಿಗೆಯೂ ಕನಸಿನಲ್ಲಿ ಕೂಡ ಕಾಣದ ಏರಿಕೆ ಅದು. ಆದರೆ ಬೆನ್ನುಮಣಿಗಳ ಮುರಿತ ಗಣನೀಯವಾಗಿ ಕಡಿಮೆಯಾಗಲಿಲ್ಲ. ಕೈಕಾಲು ಮೊದಲಾದ ಇತರ ಎಲುಬುಗಳ ಮುರಿತ 24ರ ಬದಲು 72 ಆಯಿತು. ಅಂಕ ಏರಿತು, ಎಲುಬು ಪೆಡಸಾಯಿತು. ಆ ಚಿಕಿತ್ಸೆಯನ್ನು ವೈದ್ಯಲೋಕ ಕೈಬಿಟ್ಟಿತು. ಅಂಕ ಏರದುದಕ್ಕೆ ಅಳುವವರು ಅಂಕ ಏರಿಯೂ ಎಲುಬು ಮುರಿದುಕೊಂಡ ಈ ಸ್ತ್ರೀಯರನ್ನು ನೆನೆಯಬೇಕು. ಫ್ಲೋರೈಡ್ ನೀರಿನ ಊರುಗಳಿಂದ ಬಂದವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಅವರ ಬೆನ್ನುಮಣಿಯ ಅಂಕವು ಇಲ್ಲದ ಬಲವನ್ನು ಇದೆಯೆಂದು ತೋರಿಸೀತು. ವಯಸ್ಸಿನಿಂದ ಬರುವ ಬೆನ್ನುಮಣಿಗಳ ಸವೆತವೂ ಅದೇ ಮೋಸವನ್ನು ಮಾಡುವುದರಿಂದ ವೃದ್ಧರಲ್ಲಿ ಚಪ್ಪೆಯ ಅಂಕವನ್ನೇ ಹೆಚ್ಚಾಗಿ ನಂಬುತ್ತಾರೆ.

ಔಷಧದ ನಿಜವಾದ ಅಳತೆಯೆಂದರೆ ಮುರಿಯದೆ ಉಳಿದ ಎಲುಬು. 1996ರ ಆ ಪರೀಕ್ಷೆಯಲ್ಲಿ ಮೊದಲೇ ಬೆನ್ನುಮಣಿ ಮುರಿದಿದ್ದ 2,027 ಸ್ತ್ರೀಯರಿದ್ದರು. ಸುಮಾರು ಮೂರು ವರ್ಷಗಳಲ್ಲಿ ಹುಸಿಗುಳಿಗೆ ನುಂಗಿದವರಲ್ಲಿ ನೂರಕ್ಕೆ 15 ಮಂದಿಗೆ ಹೊಸದಾಗಿ ಬೆನ್ನುಮಣಿ ಮುರಿಯಿತು. ನಿಜವಾದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 8 ಮಂದಿಗೆ. ಚಪ್ಪೆ ಮುರಿದವರು ನೂರಕ್ಕೆ 2.2ರ ಬದಲು 1.1. ಸಾಂದ್ರತೆ ಸ್ವಲ್ಪ ಇಳಿದಂತೆ ಕಂಡವರಿಗೂ ಈ ರಕ್ಷಣೆ ದೊರೆತಿತ್ತೆಂದು ಮುಂದಿನ ವಿಶ್ಲೇಷಣೆಯಿಂದ ತಿಳಿದುಬಂದಿತು. ಶೇಕಡಾ 4ಕ್ಕಿಂತ ಹೆಚ್ಚು ಕಳೆದುಕೊಂಡವರ ವಿಷಯದಲ್ಲಿ ಮಾತ್ರ ಹಾಗೆ ಹೇಳಲಾಗಲಿಲ್ಲ. ಈ ಸಂಖ್ಯೆಗಳಲ್ಲಿ ಸಮಾಧಾನವೂ ಇದೆ, ಕಹಿಯೂ ಇದೆ. ನೂರರಲ್ಲಿ ಏಳು ಮಂದಿ ಉಳಿದರು. ಆದರೆ ಗುಳಿಗೆ ನುಂಗಿಯೂ ಎಂಟು ಮಂದಿಗೆ ಮುರಿಯಿತು. ಉಳಿದ ಏಳು ಮಂದಿ ಯಾರೆಂಬುದು ಅವರಿಗೇ ಗೊತ್ತಿರುವುದಿಲ್ಲ. ಮುರಿದ ಎಂಟು ಮಂದಿಗೆ ಮಾತ್ರ ತಾವು ಯಾರೆಂಬುದು ಚೆನ್ನಾಗಿ ಗೊತ್ತು. ತಡೆಗಟ್ಟುವ ಔಷಧಗಳೆಲ್ಲವೂ ಯಶಸ್ಸನ್ನು ಮರೆಯಲ್ಲಿಟ್ಟು ಸೋಲನ್ನು ಮಾತ್ರ ಕಣ್ಣೆದುರು ತರುತ್ತವೆ. ಸೀಟಿನ ಪಟ್ಟಿ ಕಟ್ಟಿಕೊಂಡವನಂತೆ, ಅದು ಕಾಪಾಡಿದ ದಿನ ಯಾವುದೆಂದು ಹೇಳಬರುವುದಿಲ್ಲ.

ಹಾಗಾದರೆ ನಿರಾಶೆಗೆ ನಿಜವಾದ ಆಧಾರವೇ ಇಲ್ಲವೆ? ಇದೆ. ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನದ ತಜ್ಞರು 2012ರಲ್ಲಿ ಅದಕ್ಕೊಂದು ಒರೆಗಲ್ಲನ್ನು ಕೊಟ್ಟರು. ಚಿಕಿತ್ಸೆ ನಡೆಯುತ್ತಿರುವಾಗ ನಿಂತ ನಿಲುವಿನಿಂದ ಬಿದ್ದಂಥ ಅಲ್ಪ ಕಾರಣಕ್ಕೆ ಎರಡು ಅಥವಾ ಹೆಚ್ಚು ಮುರಿತಗಳಾದರೆ ಔಷಧ ಸೋತಿತೆನ್ನಬಹುದು. ಒಂದೇ ಮುರಿತವಾದಾಗ ಅದರ ಜೊತೆಗೆ ಸಾಂದ್ರತೆ ಗಣನೀಯವಾಗಿ ಇಳಿದಿರಬೇಕು, ಇಲ್ಲವೆ ಎಲುಬು ಕರಗುವ ವೇಗವು ರಕ್ತಪರೀಕ್ಷೆಯಲ್ಲಿ ತಗ್ಗದೆ ಇರಬೇಕು. ಈ ಕೊನೆಯ ಎರಡೂ ಕೂಡಿ ಬಂದರೆ ಮುರಿತವಿಲ್ಲದೆಯೂ ಸೋಲೆಂದು ತಿಳಿಯಬಹುದು. ಬೆರಳು, ಪಾದ, ಕಣಕಾಲುಗಳ ಮುರಿತ ಈ ಲೆಕ್ಕಕ್ಕೆ ಬರುವುದಿಲ್ಲ. ಎಲುಬು ಕರಗುವ ವೇಗವನ್ನು ತಿಳಿಸುವ ರಕ್ತಪರೀಕ್ಷೆಯು ಮೂರರಿಂದ ಆರು ತಿಂಗಳಲ್ಲಿಯೇ ಉತ್ತರ ಕೊಡುವುದರಿಂದ, ಕಾಯಲಾರದವರಿಗೆ ಅದು ಡೆಕ್ಸಾ ಯಂತ್ರಕ್ಕಿಂತ ಉಪಯುಕ್ತ.

ಆದರೆ ಔಷಧ ಸೋತಿತೆನ್ನುವುದಕ್ಕೆ ಮೊದಲು ಔಷಧವು ಹೊಟ್ಟೆಯಿಂದ ರಕ್ತಕ್ಕೆ ಹೋಯಿತೇ ಎಂಬುದನ್ನು ನೋಡಬೇಕು. ಇಲ್ಲಿಯೇ ಹೆಚ್ಚಿನ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಅಲೆಂಡ್ರೊನೇಟ್ ಗುಳಿಗೆಯನ್ನು ನಿಯಮದಂತೆ ನುಂಗಿದರೂ ದೇಹ ಹೀರಿಕೊಳ್ಳುವುದು ಅದರ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ಕಾಫಿಯೊಡನೆ ನುಂಗಿದರೆ ಅಷ್ಟರಲ್ಲಿಯೂ ಶೇಕಡಾ 60ರಷ್ಟು ನಷ್ಟ. ಊಟದ ಜೊತೆಗಾದರೆ ನುಂಗಿದ್ದೂ ಒಂದೇ, ಬಿಸಾಡಿದ್ದೂ ಒಂದೇ. ಕಲಬುರಗಿಯಲ್ಲಿ ಹಾಸಿಗೆಯಿಂದೆದ್ದವರ ಕೈಗೆ ಮೊದಲು ಬರುವುದು ಚಹಾದ ಕಪ್ಪು. ಗುಳಿಗೆಯನ್ನು ಅದರೊಡನೆಯೇ ಗುಟುಕರಿಸುವವರಿದ್ದಾರೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರಿನೀರಿನೊಡನೆ ನುಂಗಿ, ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ, ಮಲಗದೆ ನೆಟ್ಟಗೆ ಕುಳಿತೋ ನಿಂತೋ ಇರಬೇಕು. ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ಸಿಲುಕಿ ಹುಣ್ಣು ಮಾಡೀತು. ಸುಣ್ಣಾಂಶ ಹೆಚ್ಚಿರುವ ಗಡಸುನೀರು ಕೂಡ ಔಷಧವನ್ನು ಕಟ್ಟಿಹಾಕುವುದರಿಂದ ಕೊಳವೆಬಾವಿಯ ಸವುಳು ನೀರಿಗಿಂತ ಶುದ್ಧೀಕರಿಸಿದ ನೀರು ಲೇಸು. ಬೆಳಗಿನ ಪೂಜೆಗೆ ಕೂಡುವವರಿಗೆ ಈ ಅರ್ಧ ಗಂಟೆ ತಾನಾಗಿಯೇ ಸಂದುಹೋಗುತ್ತದೆ. ಪೂಜೆಯ ನಂತರದ ಹಾಲು ಹಣ್ಣುಗಳನ್ನು ಸ್ವಲ್ಪ ತಡೆದು ಸ್ವೀಕರಿಸಿದರಾಯಿತು.

ಇನ್ನೊಂದು ತೊಡಕು ವಾರದ ದಿನದ್ದು. ಎಲುಬಿನ ಗುಳಿಗೆಯೂ ವಾರಕ್ಕೊಮ್ಮೆ. 60,000 ಘಟಕಗಳ ಡಿ ಜೀವಸತ್ವದ ಪುಡಿಯೂ ಸಾಮಾನ್ಯವಾಗಿ ವಾರಕ್ಕೊಮ್ಮೆ. ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯಬೇಕೆಂದು ಹೇಳಿರುತ್ತಾರೆ. ಎರಡೂ ಭಾನುವಾರವೇ ಇರಲೆಂದು ಮನೆಯವರು ಗೊತ್ತುಮಾಡುತ್ತಾರೆ. ಆ ಹಾಲಿನೊಡನೆಯೇ ಗುಳಿಗೆಯೂ ಇಳಿದುಹೋಗುತ್ತದೆ, ಫಲವಿಲ್ಲದೆ. ಬೇರೆ ಬೇರೆ ದಿನಗಳನ್ನು ಗೊತ್ತುಮಾಡಿದರೆ ಈ ಸಂಕಟವಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಅದೇ ಹೊತ್ತಿಗೆ ನುಂಗಬಾರದು. ಮಧ್ಯಾಹ್ನ ಊಟದೊಡನೆ ಇರಲಿ. ಪುಡಿಯನ್ನು ವಾರಕ್ಕೊಮ್ಮೆಯ ಬದಲು ದಿನವೂ ಸೇವಿಸಿ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಆಸ್ಪತ್ರೆ ಸೇರುವವರೂ ಉಂಟು. ದೂರದ ಊರುಗಳಲ್ಲಿ ನೌಕರಿಯಲ್ಲಿದ್ದು ತಾಯಿತಂದೆಯರಿಗೆ ಔಷಧ ತರಿಸಿಕೊಡುವ ಹಳೆಯ ವಿದ್ಯಾರ್ಥಿಗಳು, ಔಷಧದ ಹಣವನ್ನು ಕಳಿಸುವುದರೊಡನೆ ಅದನ್ನು ಹೇಗೆ ನುಂಗುತ್ತಿದ್ದಾರೆಂದು ದೂರವಾಣಿಯಲ್ಲಿ ಒಂದು ಮಾತು ಕೇಳಿದರೆ ಆ ಹಣ ಸಾರ್ಥಕವಾದೀತು.

ಕಟ್ಟುವ ಕೆಲಸಕ್ಕೆ ಸಾಮಗ್ರಿಯೂ ಬೇಕು. ಮುಟ್ಟು ನಿಂತ ಸ್ತ್ರೀಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶಿಫಾರಸು ಹೇಳುತ್ತದೆ. ಈ ಸೀಮೆಯ ಮುಖ್ಯ ಧಾನ್ಯವಾದ ಜೋಳದ 100 ಗ್ರಾಮಿನಲ್ಲಿರುವುದು ಸುಮಾರು 25 ಮಿಲಿಗ್ರಾಂ. ತೊಗರಿಬೇಳೆಯಲ್ಲಿ 70ರ ಆಸುಪಾಸು. ರಾಗಿಯಲ್ಲಿ 340ಕ್ಕೂ ಮೇಲೆ. ಆದರೆ ರಾಗಿ ಇಲ್ಲಿಯ ಒಲೆಗೆ ಅಪರೂಪದ ಅತಿಥಿ. ಕಮಲಾಪುರದ ಬಾಳೆ ಎಷ್ಟೇ ರುಚಿಯಾದರೂ ಈ ಲೆಕ್ಕದಲ್ಲಿ ಬಡವೆ. ಹಾಗಿರುವಲ್ಲಿ ರೊಟ್ಟಿಯ ಪಕ್ಕದಲ್ಲಿ ಏನಿದೆಯೆಂಬುದೇ ಮುಖ್ಯವಾಗುತ್ತದೆ. ಎಳ್ಳಿನ 100 ಗ್ರಾಮಿನಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅದರ ಸಿಪ್ಪೆಯಲ್ಲಿರುವ ಆಕ್ಸಲೇಟಿನಿಂದ ದೇಹಕ್ಕೆ ದಕ್ಕುವುದು ಅದಕ್ಕಿಂತ ಕಡಿಮೆಯಾದರೂ ಸಂಕ್ರಾಂತಿಯ ಎಳ್ಳುಹಚ್ಚಿದ ಸಜ್ಜೆರೊಟ್ಟಿಯನ್ನು ವರ್ಷದಲ್ಲಿ ಒಂದೇ ದಿನಕ್ಕೆ ಮೀಸಲಿಡಬೇಕಾಗಿಲ್ಲ. ಗುರೆಳ್ಳು ಹಿಂಡಿ, ಪುಂಡಿಪಲ್ಯ, ಮೊಸರು, ಮಜ್ಜಿಗೆಗಳು ದಿನದ ಬಟ್ಟಲಿನಲ್ಲಿರಲಿ. ಉಳಿದ ಕೊರತೆಯನ್ನು ಮಾತ್ರ ಗುಳಿಗೆ ತುಂಬಲಿ.

ಬಿಸಿಲೂರು ಕಲಬುರಗಿಯಲ್ಲಿ ಡಿ ಜೀವಸತ್ವದ ಕೊರತೆಯೆಂದರೆ ಕೇಳುವವರು ನಗಬಹುದು. ಆದರೆ ಮೇ ತಿಂಗಳ ಬಿಸಿಲಿಗೆ ಹೆದರಿ ಮನೆಯೊಳಗೆ ಕುಳಿತವರ ಚರ್ಮಕ್ಕೆ ಬಿಸಿಲು ತಾಗುವುದಾದರೂ ಎಲ್ಲಿ? ಬಿಸಿಲಿಗೆ ಬಡತನವಿಲ್ಲದ ತಿರುಪತಿಯ ಸುತ್ತ ಡಾ. ಸಿ. ವಿ. ಹರಿನಾರಾಯಣ ಅವರು ನಡೆಸಿದ ಅಧ್ಯಯನಗಳು ಪಟ್ಟಣಿಗರಲ್ಲಿ ಮಾತ್ರವಲ್ಲದೆ ಹಳ್ಳಿಯ ದುಡಿಯುವ ಜನರಲ್ಲಿಯೂ ಈ ಕೊರತೆಯನ್ನು ತೋರಿಸಿವೆ. ಡಿ ಜೀವಸತ್ವವಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಒಳಗೆ ಹೋಗದು; ಅಂಥ ದೇಹದಲ್ಲಿ ಎಲುಬಿನ ಗುಳಿಗೆಯು ಅಂಕ ಏರಿಸಲಿಲ್ಲವೆಂದರೆ ಅದರ ತಪ್ಪಲ್ಲ.

ಇವೆಲ್ಲ ಸರಿಯಿದ್ದರೂ ಇಳಿಕೆ ನಿಲ್ಲದಿದ್ದರೆ ಮರೆಯಲ್ಲಿ ಬೇರೊಂದು ರೋಗವಿದ್ದೀತು. ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಥೈರಾಯ್ಡ್ ಗುಳಿಗೆಯ ಪ್ರಮಾಣ ಹೆಚ್ಚಾಗಿರುವುದು, ಮೂತ್ರಪಿಂಡದ ರೋಗ, ಕರುಳು ಹೀರದಿರುವುದು, ಅಪರೂಪಕ್ಕೆ ಮಜ್ಜೆಯ ಅರ್ಬುದ. ಈ ಪಟ್ಟಿಯಲ್ಲಿ ಒತ್ತಿ ಹೇಳತಕ್ಕದ್ದು ಸ್ಟೆರಾಯ್ಡ್. ಮೊಣಕಾಲು ನೋವಿಗೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ‘ಕೂಡಲೇ ಗುಣ’ದ ಪುಡಿಗಳಲ್ಲಿ ಎಷ್ಟೋ ವೇಳೆ ಇದು ಬೆರೆತಿರುತ್ತದೆ. ಒಂದು ಕೈಯಿಂದ ಎಲುಬಿನ ಗುಳಿಗೆಯನ್ನೂ ಇನ್ನೊಂದು ಕೈಯಿಂದ ಎಲುಬನ್ನು ಕರಗಿಸುವ ಪುಡಿಯನ್ನೂ ಸೇವಿಸುವವರು ಆ ಪುಡಿಯ ಮಾತನ್ನು ವೈದ್ಯರಿಂದ ಮುಚ್ಚಿಡುವುದೇ ಹೆಚ್ಚು.

ಗುಳಿಗೆ ಒಗ್ಗದವರಿಗೂ, ನಿಜವಾಗಿ ಸೋತವರಿಗೂ ಬೇರೆ ದಾರಿಗಳುಂಟು. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲವು ಬೆನ್ನುಮಣಿಗಳ ಮುರಿತವನ್ನು ಮೂರು ವರ್ಷಗಳಲ್ಲಿ ಶೇಕಡಾ 70ರಷ್ಟು ತಗ್ಗಿಸಿತೆಂದು 2007ರ ಪರೀಕ್ಷೆಯೊಂದು ತೋರಿಸಿತು. ಇದಕ್ಕೆ ಚಹಾದ ಹೆದರಿಕೆಯಿಲ್ಲ. ಟೆರಿಪಾರಟೈಡ್ ಎಂಬ ದಿನದ ಚುಚ್ಚುಮದ್ದು ನಿಜವಾಗಿಯೂ ಎಲುಬನ್ನು ಕಟ್ಟುವಂಥದು. ಖರ್ಚು ಹೆಚ್ಚು, ಸಾಮಾನ್ಯವಾಗಿ ಎರಡು ವರ್ಷಕ್ಕೆ ಸೀಮಿತ. ಡೆನೊಸುಮ್ಯಾಬ್ ಎಂಬುದನ್ನು ಆರು ತಿಂಗಳಿಗೊಮ್ಮೆ ಕೊಡುತ್ತಾರೆ. ಇದರ ವಿಷಯದಲ್ಲಿ ನಿರಾಶೆಯು ಅಪಾಯಕಾರಿ. ಗುಳಿಗೆಯನ್ನು ಬಿಟ್ಟರೆ ಅದರ ಅಂಶ ಎಲುಬಿನಲ್ಲಿ ವರ್ಷಗಟ್ಟಲೆ ಉಳಿದು ಸ್ವಲ್ಪ ಕಾಯುತ್ತದೆ. ಐದು ವರ್ಷ ನುಂಗಿದ ಅನೇಕರಿಗೆ ವೈದ್ಯರೇ ಬಿಡುವು ಕೊಡುವುದೂ ಅದರಿಂದಲೇ. ಡೆನೊಸುಮ್ಯಾಬ್ ಹಾಗಲ್ಲ. ‘ಪ್ರಯೋಜನವಿಲ್ಲ’ ಎಂದು ಮುಂದಿನ ಚುಚ್ಚುಮದ್ದನ್ನು ತಪ್ಪಿಸಿದವರಲ್ಲಿ ಕರಗುವಿಕೆ ಒಮ್ಮೆಲೇ ಪುಟಿದೆದ್ದು ಒಂದರ ಮೇಲೊಂದು ಬೆನ್ನುಮಣಿಗಳು ಕುಸಿದುದುಂಟು. ನಿಲ್ಲಿಸಬೇಕಾದರೆ ಅದರ ಜಾಗದಲ್ಲಿ ಬೇರೊಂದು ಔಷಧವನ್ನು ಹೂಡಿಯೇ ನಿಲ್ಲಿಸಬೇಕು. ದೀರ್ಘಕಾಲ ಗುಳಿಗೆ ನುಂಗಿದವರಿಗೆ ತೊಡೆಯಲ್ಲಿ ಹೊಸದಾಗಿ ಮಂದನೋವು ಬಂದರೂ, ಹಲ್ಲು ಕೀಳಿಸುವ ಪ್ರಸಂಗ ಬಂದರೂ ವೈದ್ಯರಿಗೆ ತಿಳಿಸಬೇಕು. ಅಪರೂಪವಾದರೂ ತೊಡೆಯೆಲುಬಿನ ವಿಚಿತ್ರ ಮುರಿತ ಮತ್ತು ದವಡೆಯ ಎಲುಬಿನ ಕ್ಷಯ ಈ ಔಷಧಗಳಿಂದ ಆಗಬಲ್ಲವು.

ಮರುಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂಬ ಬಗ್ಗೆ ದಾನಿಗಳು ಕೂಡ ಗಮನಿಸಬೇಕಾದ ಮಾತೊಂದಿದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಶಬ್ದತರಂಗಗಳಿಂದ ಅಳೆಯುವ ಸಣ್ಣ ಯಂತ್ರವನ್ನಿಡುವುದು ರೂಢಿ. ಅಪಾಯದಲ್ಲಿರಬಹುದಾದವರನ್ನು ಗುರುತಿಸಲು ಅದು ಸಾಕು; ಔಷಧದ ಫಲವನ್ನು ಅಳೆಯಲು ಅದು ಒದಗದು. ಶಿಬಿರದ ಚೀಟಿಯನ್ನೂ ಆಸ್ಪತ್ರೆಯ ಡೆಕ್ಸಾ ವರದಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ಕಣ್ಣೀರಿಡುವುದರಲ್ಲಿ ಅರ್ಥವಿಲ್ಲ. ಎರಡು ಬೇರೆ ಕಂಪೆನಿಗಳ ಡೆಕ್ಸಾ ಯಂತ್ರಗಳ ಅಂಕಗಳನ್ನೂ ನೇರವಾಗಿ ಹೋಲಿಸಲಾಗದು. ಮೊದಲು ಯಾವ ಯಂತ್ರದಲ್ಲಿ ಮಾಡಿಸಿದರೋ ಅದರಲ್ಲಿಯೇ, ಒಂದೆರಡು ವರ್ಷಗಳ ಅಂತರದಲ್ಲಿ ಮಾಡಿಸಬೇಕು. ಶಿಬಿರಕ್ಕೆ ವೆಚ್ಚಮಾಡುವ ಹಣದಲ್ಲಿ ಒಂದು ಪಾಲನ್ನು ಬಡ ರೋಗಿಗಳ ಎರಡನೆಯ ಡೆಕ್ಸಾ ಪರೀಕ್ಷೆಗೂ ಡಿ ಜೀವಸತ್ವದ ರಕ್ತಪರೀಕ್ಷೆಗೂ ಮೀಸಲಿಟ್ಟರೆ ಹೆಚ್ಚು ಉಪಕಾರವಾದೀತು.

ಕೊನೆಗೆ, ಎಲುಬು ಮುರಿಯಲು ಎರಡು ಬೇಕು: ದುರ್ಬಲವಾದ ಎಲುಬು ಮತ್ತು ಬೀಳುವಿಕೆ. ಗುಳಿಗೆ ನೋಡಿಕೊಳ್ಳುವುದು ಮೊದಲನೆಯದನ್ನು ಮಾತ್ರ. ಕಲಬುರಗಿಯ ಹಳೆಯ ಮನೆಗಳಲ್ಲಿ ನೆಲವೆಂದರೆ ಶಹಾಬಾದಿನ ಫರಸಿ. ಬೇಸಗೆಯಲ್ಲಿ ತಂಪು, ಬಾಳಿಕೆಗೆ ಹೆಸರಾದುದು; ಆದರೆ ಬಚ್ಚಲಿನಲ್ಲಿ ನೀರು ಸಾಬೂನುಗಳು ಬಿದ್ದು ವರ್ಷಗಳಿಂದ ನಯವಾದ ಫರಸಿಯ ಮೇಲೆ ಕಾಲು ನಿಲ್ಲುವುದಿಲ್ಲ. ಕಲ್ಲುಕುಟಿಗನನ್ನು ಕರೆಸಿ ಅದರ ಮೇಲೆ ಗೆರೆ ಹೊಡೆಯಿಸುವುದು ಅರ್ಧ ದಿನದ ಕೆಲಸ. ಗೋಡೆಗೆ ಹಿಡಿಕೆ, ರಾತ್ರಿ ಬಚ್ಚಲಿನ ದಾರಿಯಲ್ಲಿ ಸಣ್ಣ ದೀಪ, ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ತಲೆ ತಿರುಗಿಸುವ ನಿದ್ದೆಗುಳಿಗೆಗಳ ಮರುಪರಿಶೀಲನೆ, ದಿನವೂ ಒಂದಿಷ್ಟು ನಡಿಗೆ, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವ ಅಭ್ಯಾಸ: ಇವುಗಳ ಫಲ ಯಾವ ಯಂತ್ರದ ವರದಿಯಲ್ಲಿಯೂ ಅಂಕವಾಗಿ ಬರುವುದಿಲ್ಲ.

ಮೈನಸ್ 3.0ರ ಲಕೋಟೆ ಹಿಡಿದು ಕಮಲಾಪುರಕ್ಕೆ ಮರಳಿದ ಶಿಕ್ಷಕಿ ಮುಂದಿನ ಸಲ ಕಲಬುರಗಿಯ ಬಸ್ಸು ಹತ್ತುವಾಗ ಎರಡೂ ವರದಿಗಳನ್ನು, ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆ ಪುಡಿಗಳ ಪಟ್ಟಿಯನ್ನು, ವಾರದ ಗುಳಿಗೆಯನ್ನು ಯಾವ ಹೊತ್ತಿಗೆ ಯಾವುದರೊಡನೆ ನುಂಗುತ್ತಾರೆಂಬ ವಿವರವನ್ನು, ಕುಡಿಯುವ ನೀರು ಎಲ್ಲಿಯದೆಂಬ ಮಾಹಿತಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಬೇಕು. ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಅಂಕವೇಕೆ ಏರಲಿಲ್ಲವೆಂಬುದಲ್ಲ. ಈ ಒಂದು ವರ್ಷದಲ್ಲಿ ತನ್ನ ಎತ್ತರ ಕುಗ್ಗಿದೆಯೇ, ಬೆನ್ನುಮಣಿ ಯಾವುದಾದರೂ ಸದ್ದಿಲ್ಲದೆ ಕುಸಿದಿದೆಯೇ ಎಂಬುದು. ಮೊದಲನೆಯದಕ್ಕೆ ಗೋಡೆಗೆ ಬೆನ್ನು ಹಚ್ಚಿ ನಿಂತರೆ ಸಾಕು, ಅಳತೆಪಟ್ಟಿ ಉತ್ತರ ಹೇಳುತ್ತದೆ.